ಪಾಪ್ಪಿ ಪಿನ್ ಆನ್‌ಲೈನಲ್ಲಿ ತರಿಸೋರು ಸ್ವಲ್ಪ ಹುಷಾರು

ಇಂಗ್ಲೆಂಡಲ್ಲಿರೋ ನಮ್ಮವ್ರಿಗೆಲ್ಲ ಹೇಳ್ತಿದೀನಿ, ಅಕ್ಟೋಬರ್ ಕೊನೆ ಬಂತು ಅಂದ್ರೆ ಯುದ್ಧದಲ್ಲಿ ಸತ್ತ ಸೈನಿಕರ ನೆನಪಿಗೆ ಅಂತ ಇಲ್ಲಿ ಎಲ್ರ ಕೋಟ್ ಮೇಲೂ ಕೆಂಪು ಪಾಪ್ಪಿ ಹೂ ಇರುತ್ತಲ್ಲ, ಅದರ ಹೆಸರಲ್ಲಿ ಆನ್‌ಲೈನಲ್ಲಿ ಚೆನ್ನಾಗಿ ಟೋಪಿ ಹಾಕ್ತಿದಾರೆ. ನಮ್ಮ ಕನ್ನಡದವರ ಗುಂಪಿಗೇ ಹಾಕಿದ್ರು.

ಆಗಿದ್ದಿಷ್ಟು. ಹಾಲ್ ಸಿಗದೆ ರಾಜ್ಯೋತ್ಸವ ನವೆಂಬರ್ ಎರಡನೇ ಭಾನುವಾರಕ್ಕೆ ಹೋಯ್ತು, ಸತ್ತ ಸೈನಿಕರನ್ನ ನೆನೆಯೋ ರಿಮೆಂಬ್ರೆನ್ಸ್ ಸಂಡೇನೂ ಅವತ್ತೇ, ಸರಿ ಬಂದೋರಿಗೆಲ್ಲ ಒಂದೊಂದು ಪಿನ್ ಕೊಡೋಣ ಅಂತ ಮಾತಾಯ್ತು. ಯಾರೋ ಗ್ರೂಪಲ್ಲಿ ಲಿಂಕ್ ಹಾಕಿದ್ರು, ಪಾಪ್ಪಿ ಮಧ್ಯ ಗಂಡಭೇರುಂಡ, ಕೆಳಗೆ ಮೈಸೂರ್ ಲ್ಯಾನ್ಸರ್ಸ್, ಹೈಫಾ 1918 ಅಂತ. ನಮ್ಮೋರಿಗೆ ಇನ್ನೇನು ಬೇಕು ಹೇಳಿ? ಮೊದಲನೇ ಮಹಾಯುದ್ಧದಲ್ಲಿ, 1918ರ ಸೆಪ್ಟೆಂಬರ್ 23ಕ್ಕೆ, ಈಗ ಇಸ್ರೇಲಲ್ಲಿರೋ ಹೈಫಾ ಊರು ಗೆದ್ದಿದ್ದೇ ಮೈಸೂರು, ಜೋಧಪುರದ ಕುದುರೆ ಸವಾರರು (ಲ್ಯಾನ್ಸರ್ಸ್), ಬೆಂಗಳೂರಿನ ಜೆ.ಸಿ. ನಗರದಲ್ಲಿ ಸ್ಮಾರಕ ಇರೋದೂ ಎಷ್ಟೋ ಜನ ನೋಡಿರ್ತೀರಿ. ಪಿನ್ ಒಂದಕ್ಕೆ ಏಳು ಪೌಂಡು, ಜೊತೆಗೆ "ಲಾಭದಲ್ಲಿ ಒಂದು ಪಾಲು ಮಾಜಿ ಸೈನಿಕರಿಗೆ" ಅಂತ ಬೇರೆ.

ಪಾರ್ಸೆಲ್ ಬಂತು, ಬೇರೆ ದೇಶದ ಅಂಚೆ ಮುದ್ರೆ. ಎಲ್ಲ ಒಂದೇ ಪ್ಲಾಸ್ಟಿಕ್ ಕವರಲ್ಲಿ ತುರುಕಿದ್ದು, ಯಾವ ಸಂಸ್ಥೆ ಹೆಸರೂ ಇಲ್ಲ. ತಗಡು ಎಷ್ಟು ತೆಳು ಅಂದ್ರೆ ಬೆರಳಲ್ಲಿ ಒತ್ತಿದ್ರೆ ಬಗ್ಗುತ್ತೆ, ಕೆಂಪು ಬಣ್ಣ ಹರಿದು ಗಂಡಭೇರುಂಡದ ಒಂದು ತಲೆ ಮುಚ್ಚೇ ಹೋಗಿದೆ, ಹಿಂದಿನ ಸೂಜಿ ಕೈಗೇ ಕಿತ್ತು ಬಂತು. ಅದೂ ಹೋಗ್ಲಿ ಅಂದ್ಕೊಳ್ಳಿ, ಯಾವ ಚಾರಿಟಿಗೆ ಎಷ್ಟು ಕೊಡ್ತೀರಿ ಅಂತ ಮೆಸೇಜ್ ಮಾಡಿದ್ರೆ "ಡಿಯರ್ ಕಸ್ಟಮರ್, ನಾವು ಹೀರೋಗಳನ್ನ ಸಪೋರ್ಟ್ ಮಾಡ್ತೀವಿ" ಅಂತ ಉತ್ತರ. ಮತ್ತೆ ಕೇಳಿದ್ವಿ, ಅಂಗಡಿನೇ ಮಾಯ!

ದಾನದ ಹೆಸರು ಹೇಳಿ ಮಾಲು ಮಾರೋ ಕಂಪನಿ ಯಾವ ಚಾರಿಟಿಗೆ, ಎಷ್ಟು ಅನ್ನೋದು ಹೇಳ್ಲೇಬೇಕು ಅಂತ ಇಲ್ಲಿ ಕಾನೂನೇ ಇದೆ. ಸೋ "ಒಂದು ಪಾಲು", "ವೆಟರನ್ಸ್‌ಗೆ" ಅಂತ ಮೇಲ್ಮೇಲೆ ಬರೆದಿದ್ರೆ ಅಲ್ಲೇ ಬಿಟ್ಬಿಡಿ. ಪಾಪ್ಪಿ ದುಡ್ಡು ಎತ್ತೋದು ರಾಯಲ್ ಬ್ರಿಟಿಷ್ ಲೀಜನ್ ಅನ್ನೋ ಸೈನಿಕರ ನೆರವಿನ ಸಂಸ್ಥೆ, 1921ರಿಂದ ನಡ್ಕೊಂಡು ಬಂದಿರೋದು, ಅವರ ಚಾರಿಟಿ ನಂಬರ್ 219279, ಚಾರಿಟಿಗಳನ್ನ ನೋಡ್ಕೊಳ್ಳೋ ಸರ್ಕಾರಿ ಚಾರಿಟಿ ಕಮಿಷನ್ ಸೈಟಲ್ಲಿ ಹಾಕಿ ನೋಡಿ ಬರುತ್ತೆ. ಪಿನ್ ಬೇಕು ಅಂದ್ರೆ ಅವರದ್ದೇ ಪಾಪ್ಪಿ ಶಾಪ್ ಇದೆ. ನಂಬರ್ ಕದ್ದು ಹಾಕ್ಕೊಳ್ಳೋರೂ ಇರ್ತಾರೆ, ಅದಕ್ಕೇ ಲಿಂಕ್ ಒತ್ತೋ ಬದಲು ಲೀಜನ್ ಸೈಟಿಂದಾನೇ ಅಂಗಡಿಗೆ ಹೋಗಿ. ಪೇಪರ್ ಪಾಪ್ಪಿಗಂತೂ ರೇಟೇ ಇಲ್ಲ, ಸೂಪರ್ ಮಾರ್ಕೆಟ್ ಬಾಗ್ಲಲ್ಲಿ ಡಬ್ಬಿ ಹಿಡ್ಕೊಂಡು ಕೂತಿರೋ ಅಜ್ಜ ಅಜ್ಜಿಯರ ಹತ್ರ ಕೈಲಾದಷ್ಟು ಹಾಕಿ ತಗೊಳ್ಳೋದು.

ಹಾಗಂತ ಬೇರೆ ಥರ ಕಂಡಿದ್ದೆಲ್ಲ ಡೂಪ್ಲಿಕೇಟ್ ಅಂತ ಯಾರ ಮೇಲೂ ಹೋಗ್ಬೇಡಿ ಮತ್ತೆ, ಸ್ಕಾಟ್ಲೆಂಡಿನ ಪಾಪ್ಪಿಗೆ ನಾಲ್ಕು ಎಸಳು, ಎಲೆ ಇರಲ್ಲ, ಅದು ಪಾಪ್ಪಿಸ್ಕಾಟ್ಲೆಂಡ್ ಅವರದ್ದು. ಬಿಳಿ ಪಾಪ್ಪಿ ಶಾಂತಿ ಪರ ಇರೋ ಪೀಸ್ ಪ್ಲೆಡ್ಜ್ ಯೂನಿಯನ್ ಅವರದ್ದು. ಭಾರತದ ಸೈನಿಕರಿಗೆ ಅಂತಾನೇ 2018ರಲ್ಲಿ ಲೀಜನ್ ಖಾದಿ ಪಾಪ್ಪಿ ತಂದಿತ್ತು, ಆಗ ಪ್ರಧಾನಿ ಆಗಿದ್ದ ತೆರೇಸಾ ಮೇ ಕೂಡ ಹಾಕ್ಕೊಂಡಿದ್ರು. ನನ್ನ ಕೇಳಿದ್ರೆ ಆ ಗಂಡಭೇರುಂಡದ ತಗಡಿಗಿಂತ ಅದು ಸಾವಿರ ಪಾಲು ಚೆಂದ.

ಈಗಾಗ್ಲೇ ದುಡ್ಡು ಕಟ್ಟಿರೋರು ಕಾರ್ಡ್ ಬ್ಯಾಂಕಿಗೆ ಫೋನ್ ಮಾಡಿ ಚಾರ್ಜ್‌ಬ್ಯಾಕ್ ಕೇಳಿ, ಅಂದ್ರೆ ಕಟ್ಟಿದ ದುಡ್ಡು ವಾಪಸ್ ಕೊಡ್ಸಿ ಅಂತ. ವ್ಯಾಪಾರದ ಮೋಸ ನೋಡೋ ಟ್ರೇಡಿಂಗ್ ಸ್ಟ್ಯಾಂಡರ್ಡ್ಸ್‌ಗೂ ತಿಳ್ಸಿ, ಅದು ಉಚಿತ ಸಲಹೆ ಕೊಡೋ ಸಿಟಿಜನ್ಸ್ ಅಡ್ವೈಸ್ ಸಂಸ್ಥೆ ಮೂಲಕ ಹೋಗುತ್ತೆ. ಅಂಗಡಿ ಪೇಜಿನ ಸ್ಕ್ರೀನ್‌ಶಾಟ್ ಮೊದ್ಲೇ ತೆಗೆದಿಟ್ಕೊಳ್ಳಿ. ನಾವು ತೆಗೆದಿದ್ದಕ್ಕೆ ಬ್ಯಾಂಕಿನವ್ರು ಕೇಸ್ ತಗೊಂಡ್ರು, ದುಡ್ಡು ಇನ್ನೂ ಬಂದಿಲ್ಲ.