ಬೆಕ್ಡೆಲ್ ಪರೀಕ್ಷೆಯೋ, ಇಂಟರ್‌ಸೆಕ್ಷನಾಲಿಟಿಯೋ?

ಕಾಸರಗೋಡಿನ ಓದುಕೂಟಗಳಲ್ಲಿ ಸಿನಿಮಾ, ಧಾರಾವಾಹಿ ಚರ್ಚಿಸುವವರು ಯಾವ ಅಳತೆಗೋಲು ಹಿಡಿಯಬೇಕು?

ಸಿನಿಮಾದಲ್ಲಿ ಹೆಂಗಸರಿಗೆ ಎಷ್ಟು ಜಾಗವಿದೆ ಎಂದು ನೋಡುವ 1985ರ ಬೆಕ್ಡೆಲ್ ಪರೀಕ್ಷೆ ಸುಲಭ: ಇಬ್ಬರು ಹೆಂಗಸರಿರಬೇಕು, ಪರಸ್ಪರ ಮಾತಾಡಬೇಕು, ಮಾತು ಗಂಡಸಿನ ಬಗ್ಗೆಯಷ್ಟೇ ಆಗಬಾರದು. ಆದರೆ ಇಬ್ಬರೂ ಮೈ ಬೆಳ್ಳಗಾಗಿಸುವ ಕ್ರೀಮಿನ ಗುಣಗಾನ ಮಾಡಿದರೂ ಪಾಸಾಗುತ್ತದೆ.

ನಮ್ಮ ಆಯ್ಕೆ ಎರಡನೆಯದು, ಸಮಯ ಹೆಚ್ಚು ಬೇಕಾದರೂ: ಇಂಟರ್‌ಸೆಕ್ಷನಾಲಿಟಿ, ಅಂದರೆ ಲಿಂಗ, ಬಣ್ಣ, ಜಾತಿಯಂಥ ಭೇದಗಳು ಒಬ್ಬರ ಮೇಲೆ ಒಟ್ಟಿಗೇ ಬೀಳುವುದನ್ನು ಸೇರಿಸಿ ನೋಡುವ ಬಗೆ. 1989ರಲ್ಲಿ ಈ ಹೆಸರು ಕೊಟ್ಟ ಕಾನೂನು ವಿದ್ವಾಂಸೆ ಕಿಂಬರ್ಲೆ ಕ್ರೆನ್‌ಶಾ ಎತ್ತಿಕೊಂಡದ್ದು ಅಮೆರಿಕದ ಕಾರು ಕಂಪನಿ ಜನರಲ್ ಮೋಟರ್ಸ್ ವಿರುದ್ಧ ಕಪ್ಪು ಹೆಂಗಸರು ಹೂಡಿದ್ದ ಪ್ರಕರಣ. ಕಂಪನಿ 1964ಕ್ಕೂ (ತಾರತಮ್ಯ ನಿಷೇಧಿಸುವ ಕಾಯ್ದೆ ಬಂದ ವರ್ಷ) ಮೊದಲೇ ಹೆಂಗಸರನ್ನು ಕೆಲಸಕ್ಕೆ ಸೇರಿಸಿಕೊಂಡಿದೆ, ಹಾಗಾಗಿ ಲಿಂಗಭೇದವಿಲ್ಲ ಎಂದಿತು ಕೋರ್ಟು. ಆ ಹೆಂಗಸರು ಬಿಳಿಯರು! ಕಪ್ಪು ಹೆಂಗಸರ ದೂರನ್ನು ವರ್ಣ, ಲಿಂಗ ಎರಡನ್ನೂ ಸೇರಿಸಿ ನೋಡಲು ಒಪ್ಪಲೇ ಇಲ್ಲ.

ಧಾರಾವಾಹಿ ನೋಡುವಾಗ ಕೇಳಿ: ಮನೆಗೆಲಸದವಳ ಬಣ್ಣ, ಜಾತಿ ಯಾವುದು? ಅವಳಿಗೆ ಹೆಸರಿದೆಯೇ? ತುಳು ಬೆರೆತ ಕನ್ನಡ ಯಾರ ಬಾಯಲ್ಲಿ, ನಗಿಸಲಿಕ್ಕೋ? ಅಮೆರಿಕದ ವರ್ಣಭೇದವನ್ನು ಮಾತ್ರ ನೇರವಾಗಿ ನಮ್ಮ ಜಾತಿಯೆಂದು ಓದಬೇಡಿ, ಚರಿತ್ರೆ ಬೇರೆಬೇರೆ.