ಡ್ಯಾಮ್ಸನ್ ಪ್ಲಮ್ ಎಣ್ಣೆ ಅಂತ ಕೊಂಡೆ, ಮಣಿಕಟ್ಟು ಕೆಂಪಾಯಿತು

ಹುಳಿ ಪ್ಲಮ್ ವಾಸನೆಯ ಸೆಂಟು ಅಂದ್ರೆ ನನಗೆ ಹುಚ್ಚು. ಅದರಲ್ಲೂ ಡ್ಯಾಮ್ಸನ್. ಯುರೋಪಿನ ಸಣ್ಣ ಪ್ಲಮ್ ಇದು. ಕಡುನೀಲಿ ಸಿಪ್ಪೆ, ಅದರ ಮೇಲೆ ಬೂದಿ ಸವರಿದಂಥ ಮಬ್ಬು. ಹಸಿಯಾಗಿ ಕಚ್ಚಿದರೆ ಹುಳಿಯ ಜೊತೆ ಒಗರು ಬಾಯಿ ಹಿಡಿಯುತ್ತದೆ. ಅದಕ್ಕೇ ಹೆಚ್ಚಾಗಿ ಸಕ್ಕರೆ ಸುರಿದು ಜಾಮ್ ಮಾಡುತ್ತಾರೆ. ಬಾಟಲಿ ಮೇಲೆ ಈ ಹೆಸರು ಕಂಡರೆ ನನ್ನ ಕೈ ತಾನಾಗಿ ಮುಂದೆ ಹೋಗುತ್ತದೆ. ಆ ಚಪಲವೇ ಈ ಸಲ ಕೈ ಕೊಟ್ಟಿತು.

ಮನೆಯಲ್ಲಿ ಸುಮ್ನೆ ಹವ್ಯಾಸಕ್ಕೆ ಸೆಂಟು ಬೆರೆಸುತ್ತೇನೆ. ಆನ್‌ಲೈನ್‌ನಲ್ಲಿ ಒಬ್ಬರು ‘ಶುದ್ಧ ನೈಸರ್ಗಿಕ ಡ್ಯಾಮ್ಸನ್ ಎಸೆನ್ಷಿಯಲ್ ಆಯಿಲ್, ಹಣ್ಣಿನಿಂದಲೇ ಬಟ್ಟಿ ಇಳಿಸಿದ್ದು’ ಅಂತ 10 ಮಿ.ಲೀ. ಶೀಶೆ ಮಾರುತ್ತಿದ್ದರು. ಹೆಸರು ಹೇಳಲ್ಲ, ಹೀಗೆ ಮಾರುವವರು ಅವರೊಬ್ಬರೇ ಅಲ್ಲ. ಮುಚ್ಚಳ ತೆಗೆದ ಕೂಡಲೇ ಕುದಿಯುವ ಜಾಮ್, ಬಾಡಿದ ಗುಲಾಬಿ, ಹಿಂದೆ ಎಲ್ಲೋ ಒಣ ಹೊಗೆಸೊಪ್ಪು. ಆಹಾ ಅನ್ನಿಸಿತು. ನೈಸರ್ಗಿಕ ಅಲ್ವಾ, ಏನಾಗುತ್ತೆ ಅಂದುಕೊಂಡು ಏನೂ ಬೆರೆಸದೆ ಒಂದು ತೊಟ್ಟು ಮಣಿಕಟ್ಟಿಗೆ ಹಾಕಿ, ಇನ್ನೊಂದು ಮಣಿಕಟ್ಟಿಗೆ ಉಜ್ಜಿದೆ. ದಿನಾ ಬೆಳಗ್ಗೆ ಇದೇ ಕೆಲಸ.

ಎರಡು ವಾರ ಏನೂ ಆಗಲಿಲ್ಲ. ಅದೇ ಮೋಸ ನೋಡಿ. ಆಮೇಲೆ ಒಂದು ರಾತ್ರಿ ತುರಿಕೆ ಶುರುವಾಯಿತು. ಬೆಳಗ್ಗೆ ಎದ್ದು ನೋಡಿದರೆ ಎರಡೂ ಮಣಿಕಟ್ಟಿನಲ್ಲಿ ಒಂದೇ ಅಳತೆಯ ಕೆಂಪು ಮಚ್ಚೆ, ಕನ್ನಡಿ ಹಿಡಿದಂತೆ. ಮೇಲೆ ಸಾಸಿವೆಯಷ್ಟು ಸಣ್ಣ ನೀರುಗುಳ್ಳೆ. ಡಾಕ್ಟರ್ ‘ಏನು ಹಚ್ಚಿದ್ರಿ?’ ಅಂದರು. ‘ನ್ಯಾಚುರಲ್ ಎಣ್ಣೆ’ ಅಂದೆ, ಸ್ವಲ್ಪ ಜಂಬದಿಂದಲೇ. ‘ಅದರೊಳಗೆ ಏನೇನಿದೆ?’ ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಆಮೇಲೆ ಕೂತು ಓದಿದೆ, ಮೊದಲೇ ಓದಬೇಕಿತ್ತು. ಕಿತ್ತಳೆ, ನಿಂಬೆಗಳ ಸಿಪ್ಪೆಯಲ್ಲಿ ಎಣ್ಣೆ ಇರುತ್ತದೆ, ಹಿಂಡಿದರೆ ಬರುತ್ತದೆ. ಪ್ಲಮ್‌ನ ತಿರುಳಿನಲ್ಲಿ ಹಾಗೆ ತೆಗೆಯುವಂಥ ಎಣ್ಣೆ ಇಲ್ಲ. ಬೀಜದ ಎಣ್ಣೆ ಸಿಗುತ್ತದೆ ನಿಜ, ಆದರೆ ಅದು ಬಾದಾಮಿ ವಾಸನೆ ಹೊಡೆಯುತ್ತದೆ, ಹಣ್ಣಿನದ್ದಲ್ಲ. ಸೆಂಟಿನಲ್ಲಿ ಪ್ಲಮ್ ಅಂದರೆ ಪರ್ಫ್ಯೂಮರ್ ಕಟ್ಟಿದ ವಾಸನೆ. ಇದರಲ್ಲಿ ನಾಚಿಕೆ ಪಡುವಂಥದ್ದು ಏನೂ ಇಲ್ಲ. 1944ರಲ್ಲಿ ಬಂದ ರೋಶಾ ಅವರ ‘ಫಾಮ್’ ಎಂಬ ಹೆಸರಾಂತ ಪರ್ಫ್ಯೂಮ್‌ನ ಪ್ಲಮ್ ಕೂಡ ಪ್ರುನೋಲ್ ಎಂಬ ಸಿದ್ಧ ಮಿಶ್ರಣದಿಂದ ಬಂದದ್ದು. ಆ ಪರ್ಫ್ಯೂಮ್ ಹೆಣೆದವರು ಎಡ್ಮಂಡ್ ರುಡ್ನಿಟ್ಸ್ಕಾ.

ಹುಳಿಯ ಕಥೆ ಇನ್ನೂ ಮಜಾ. ಪ್ಲಮ್‌ಗೆ ಹುಳಿ ಕೊಡುವ ಮ್ಯಾಲಿಕ್ ಆಮ್ಲ ಗಾಳಿಗೆ ಏರುವುದೇ ಇಲ್ಲ, ಹಾಗಾಗಿ ಅದು ಮೂಗಿಗೆ ಸಿಗಲ್ಲ. ಹಸಿರು ವಾಸನೆ, ಗ್ರೇಪ್‌ಫ್ರೂಟ್ (ದ್ರಾಕ್ಷಿ ಅಲ್ಲ, ಚಕ್ಕೋತದಂಥ ಹಣ್ಣು) ವಾಸನೆ, ರೂಬಾರ್ಬ್ ಎಂಬ ಹುಳಿ ದಂಟಿನ ವಾಸನೆ ಸೇರಿಸಿ ಹುಳಿಯ ಭ್ರಮೆ ಹುಟ್ಟಿಸುತ್ತಾರೆ. ಜಾಮ್‌ನಂಥ ದಪ್ಪ ಸಿಹಿಗೆ ಲ್ಯಾಕ್ಟೋನ್ ಎಂಬ ಸುಗಂಧ ರಾಸಾಯನಿಕಗಳು. ಬೇಯಿಸಿದ ಪ್ಲಮ್, ಗುಲಾಬಿ, ಹೊಗೆಸೊಪ್ಪು ಮೂರೂ ಒಟ್ಟಿಗೆ ಬಂದರೆ ಡ್ಯಾಮಸ್ಕೋನ್ ಎಂಬ ಇನ್ನೊಂದು ಗುಂಪಿನ ಸುಗಂಧ ರಾಸಾಯನಿಕಗಳ ಮೇಲೆ ಅನುಮಾನ ಪಡಬಹುದು. ಡಮಾಸ್ಕಸ್ ಗುಲಾಬಿಯಿಂದ ಬಂದ ಹೆಸರು ಅದು. ಡ್ಯಾಮ್ಸನ್ ಹೆಸರೂ ಅದೇ ಊರಿನದು.

ಡ್ಯಾಮಸ್ಕೋನ್ ಚರ್ಮಕ್ಕೆ ಅಲರ್ಜಿ ತರಬಲ್ಲದು. ಇಫ್ರಾ ಎಂಬ ಸುಗಂಧ ಉದ್ಯಮದ ಸಂಸ್ಥೆ ಇದಕ್ಕೆ ಮಿತಿ ಹಾಕಿದೆ. ಮೈಗೆ ಹಚ್ಚುವ ಸೆಂಟಿನಲ್ಲಿ ಶೇಕಡಾ 0.1ರಷ್ಟೂ ಬಿಡುವುದಿಲ್ಲ. ನಾನು ಶೀಶೆಯಿಂದ ನೇರವಾಗಿ ಸುರಿದುಕೊಂಡಿದ್ದೆ! ನನ್ನದರಲ್ಲಿ ಇದೇ ಇತ್ತು ಅಂತ ಆಣೆ ಮಾಡಲಾರೆ, ಯಾಕಂದ್ರೆ ಒಳಗೇನಿದೆ ಅನ್ನುವ ಪಟ್ಟಿಯನ್ನು ಮಾರಿದವರು ಕೊಡಲೇ ಇಲ್ಲ. ಮೂರು ಸಲ ಕೇಳಿದೆ. ಮೊದಲು ‘ಎಲ್ಲಾ ನೈಸರ್ಗಿಕ’ ಅಂದರು, ಆಮೇಲೆ ‘ನಮ್ಮ ಗುಟ್ಟಿನ ರೆಸಿಪಿ’ ಅಂದರು. ಹಣ್ಣಿನಿಂದ ಬಟ್ಟಿ ಇಳಿಸಿದ್ದಕ್ಕೆ ರೆಸಿಪಿ ಯಾಕೆ ಬೇಕು ಸ್ವಾಮಿ?

ಹಾಗಾಗಿ ಪ್ಲಮ್, ಪೀಚ್, ಸ್ಟ್ರಾಬೆರಿ ‘ಎಸೆನ್ಷಿಯಲ್ ಆಯಿಲ್’ ಅಂತ ಕಂಡರೆ ಅಲ್ಲೇ ನಿಲ್ಲಿ. ‘ಫ್ರೇಗ್ರೆನ್ಸ್ ಆಯಿಲ್’ (ಬೆರೆಸಿ ಕಟ್ಟಿದ ಸುಗಂಧ) ಅಂತ ನೇರವಾಗಿ ಹೇಳಿ, ಇಫ್ರಾ ಪ್ರಮಾಣಪತ್ರ ಮತ್ತು ಸುರಕ್ಷತಾ ಮಾಹಿತಿ ಹಾಳೆ ಕೊಡುವವರ ಹತ್ತಿರ ಮಾತ್ರ ಕೊಳ್ಳಿ. ತಂದ ಮೇಲೂ ಪರ್ಫ್ಯೂಮ್ ಆಲ್ಕೋಹಾಲ್‌ನಲ್ಲಿ ತೆಳು ಮಾಡಿ ಕಾಗದದ ಪಟ್ಟಿಗೆ ಹಾಕಿ ಮೂಸಿ, ಕೈಗೆ ಬೇಡ. ಒಮ್ಮೆ ಅಲರ್ಜಿ ಹತ್ತಿಕೊಂಡರೆ ಮೈ ಅದನ್ನು ಮರೆಯುವುದಿಲ್ಲ, ಮುಂದೆ ಸ್ವಲ್ಪ ಸೋಕಿದರೂ ಸಾಕು.

ನನ್ನ ಮಚ್ಚೆ ಮಾಯಲು ಮೂರು ವಾರ ಹಿಡಿಯಿತು. ಅಂಗಿಯ ತೋಳನ್ನು ನಾಲ್ಕು ಸಲ ಒಗೆದಿದ್ದೇನೆ, ಇಸ್ತ್ರಿ ಪೆಟ್ಟಿಗೆ ತಾಗಿದ ಕೂಡಲೇ ಇನ್ನೂ ಜಾಮ್ ವಾಸನೆ ಏಳುತ್ತದೆ.