ಹಿತ್ತಲಿಗೊಂದು ಕೆಲಸದ ಕೋಣೆ: ಪಫ್ ಪ್ಯಾನೆಲ್, ಕಂಟೇನರ್, ಇಟ್ಟಿಗೆ – ವಿಜಯಪುರದ ಬಿಸಿಲಿಗೆ ಯಾವುದು?

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಪಫ್ ಪ್ಯಾನೆಲ್ ಕೋಣೆಗೆ, ಅಂದರೆ ನಡುವೆ ನೊರೆ ತುಂಬಿದ ತಗಡಿನ ಹಲಗೆ ಜೋಡಿಸಿ ನಿಲ್ಲಿಸುವ ಕೋಣೆಗೆ. ವಿಜಯಪುರದ ನಮ್ಮ ಮನೆ ಹಿತ್ತಲಲ್ಲಿ 10 ಅಡಿ ಅಗಲ, 14 ಅಡಿ ಉದ್ದದ್ದೊಂದನ್ನು ನಿಲ್ಲಿಸಿಕೊಂಡಿದ್ದೇನೆ. ನನ್ನದು ಲೆಕ್ಕಪತ್ರದ ಕೆಲಸ. ಸಣ್ಣ ಅಂಗಡಿಯವರ ಜಿಎಸ್‌ಟಿ ರಿಟರ್ನ್, ಒಣದ್ರಾಕ್ಷಿ ವ್ಯಾಪಾರಿಗಳ ಖಾತೆ, ಇಂಥವು. ಜನ ಬರುವುದು ಸಂಜೆ ಐದರ ಮೇಲೆ. ರಾತ್ರಿ ಹತ್ತರವರೆಗೂ ಕೂರಬೇಕು. ಈ ಹೊತ್ತಿನ ಮಾತು ನೆನಪಿಟ್ಟುಕೊಳ್ಳಿ, ನನ್ನ ಆಯ್ಕೆ ನಿಂತಿರುವುದೇ ಇದರ ಮೇಲೆ.

ಇದಕ್ಕೂ ಮುಂಚೆ ನನ್ನ ಆಫೀಸು ಮಾಳಿಗೆ ಮೇಲಿನ ಕೋಣೆ. ಒಂಬತ್ತು ಇಂಚಿನ ಇಟ್ಟಿಗೆ ಗೋಡೆ, ಮೇಲೆ ಸ್ಲ್ಯಾಬ್. ಏಪ್ರಿಲ್–ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ಊರು ನಮ್ಮದು. ಬೆಳಿಗ್ಗೆ ಆ ಕೋಣೆ ಚೆನ್ನಾಗೇ ಇರುತ್ತದೆ. ಸಂಜೆ ಹೊರಗೆ ಗಾಳಿ ಬಿಟ್ಟು ಜನ ಕಟ್ಟೆ ಮೇಲೆ ಬಂದು ಕೂತರೂ ಒಳಗಿನ ಗೋಡೆ ಮುಟ್ಟಿದರೆ ಕೈಗೆ ಬೆಚ್ಚಗೆ ಹತ್ತುತ್ತದೆ. ಫ್ಯಾನ್ ಹಾಕಿದರೆ ಮೇಲಿನ ಬಿಸಿಯನ್ನೇ ಕೆಳಗೆ ತಳ್ಳುತ್ತದೆ. ಗೋಳಗುಮ್ಮಟದ ಗೋಡೆ ಸುಮಾರು 3 ಮೀಟರ್ ದಪ್ಪ. ಅಷ್ಟು ದಪ್ಪವಿದ್ದರೆ ಹಗಲಿನ ಬಿಸಿ ಒಳಗೆ ಮುಟ್ಟುವಷ್ಟರಲ್ಲಿ ಹೊರಗೆ ರಾತ್ರಿಯಾಗಿ ಗೋಡೆ ತಣಿಯಲು ಶುರುವಾಗಿರುತ್ತದೆ. ಒಂಬತ್ತು ಇಂಚಿಗೆ ಆ ತಾಕತ್ತಿಲ್ಲ. ಅದು ಮಧ್ಯಾಹ್ನದ ಬಿಸಿಯನ್ನು ಆರೇಳು ತಾಸು ತಡಮಾಡಿ ಒಳಗೆ ಬಿಡುತ್ತದೆ, ಅಷ್ಟೇ. ಅಂದರೆ ಸರಿಯಾಗಿ ನಾನು ಕೂರುವ ಹೊತ್ತಿಗೆ.

ಕಂಟೇನರ್ ಅನುಭವ ಆಗಿದ್ದು ತಿಕೋಟಾ ಕಡೆಯ ನನ್ನ ತಮ್ಮನ ಒಣದ್ರಾಕ್ಷಿ ಶೆಡ್‌ನಲ್ಲಿ. ಹಂಗಾಮಿನಲ್ಲಿ ಅವನ ಲೆಕ್ಕ ಬರೆಯಲು ಹೋಗುತ್ತೇನೆ. 20 ಅಡಿಯ ಹಳೇ ಹಡಗಿನ ಕಂಟೇನರ್ ತಂದು ಆಫೀಸು ಮಾಡಿಕೊಂಡಿದ್ದಾನೆ. ಗಟ್ಟಿ ಅಂದ್ರೆ ಗಟ್ಟಿ. ಕಳ್ಳರ ಭಯವಿಲ್ಲ. ಆದರೆ ಒಳಗಿನ ಅಗಲ ಏಳು ಅಡಿ ಎಂಟು ಇಂಚು ಮಾತ್ರ. ಬಿಸಿಲು ತಡೆಯಲು ಎರಡೂ ಬದಿ ಥರ್ಮಾಕೋಲ್, ಪ್ಲೈವುಡ್ ಹೊಡೆದ ಮೇಲೆ ಏಳು ಅಡಿ ಉಳಿಯಿತು. ಮೇಜು ಹಾಕಿ ಎದುರಿಗೆ ಇಬ್ಬರನ್ನು ಕೂರಿಸಿದರೆ, ಮೂರನೆಯವರು ದಾಟಬೇಕಾದರೆ ಎಲ್ಲರೂ ಏಳಬೇಕು. ಇನ್ನೊಂದು ಮಾತು: ಹಡಗಿನ ಕಂಟೇನರಿನ ಪ್ಲೈವುಡ್ ನೆಲಕ್ಕೆ ಹುಳ ಹತ್ತದಂತೆ ಔಷಧ ಹಾಕಿರುತ್ತಾರೆ. ಮಕ್ಕಳು ಓಡಾಡುವ ಜಾಗಕ್ಕೆ ತರುವುದಾದರೆ ಆ ನೆಲ ಕಿತ್ತು ಬೇರೆ ಹಾಕಿಸಿ. ನಮ್ಮ ಮನೆಗಂತೂ ಅದು ಬರುವ ಹಾಗೇ ಇರಲಿಲ್ಲ. ಖಾಲಿ ಇದ್ದರೂ ಎರಡು ಟನ್ ಮೇಲೆ ತೂಕ, ಕ್ರೇನ್ ಬೇಕು. ನಮ್ಮ ಗಲ್ಲಿಯ ತಲೆ ಮೇಲೆ ಕರೆಂಟ್ ತಂತಿ.

ಪಫ್ ಪ್ಯಾನೆಲ್ ಬಿಡಿಬಿಡಿಯಾಗಿ ಬಂತು. ಹುಡುಗರು ಒಂದೊಂದೇ ಹಲಗೆಯನ್ನು ಹೆಗಲ ಮೇಲೆ ಹೊತ್ತು ಮನೆ ಪಕ್ಕದ ಸಂದಿಯಿಂದ ಹಿತ್ತಲಿಗೆ ತಂದು ಜೋಡಿಸಿದರು. ಎರಡು ತಗಡಿನ ನಡುವೆ ಪಾಲಿಯುರೆಥೇನ್ ನೊರೆ ತುಂಬಿದ ಹಲಗೆ ಇದು. ಬಿಸಿ ತಡೆಯುವುದರಲ್ಲಿ 50 ಮಿ.ಮೀ. ಪಫ್, ಐದು ಅಡಿ ದಪ್ಪದ ಇಟ್ಟಿಗೆ ಗೋಡೆಗೆ ಸಮ. ಬಿಸಿಲು ಹೆಚ್ಚು ಬೀಳುವುದು ಚಾವಣಿಗೆ, ಹಾಗಾಗಿ ಅಲ್ಲಿ 80 ಮಿ.ಮೀ. ಹಾಕಿಸಿದೆ. ಹೊರಗಿನ ಬಣ್ಣ ಬಿಳಿ. ಗೋಡೆಯಲ್ಲಿ ಬಿಸಿ ಹಿಡಿದಿಡುವಂಥ ತೂಕವೇ ಇಲ್ಲ. ಸಂಜೆ ಎರಡೂ ಕಿಟಕಿ ತೆಗೆದು ಫ್ಯಾನ್ ಹಾಕಿದರೆ ಸ್ವಲ್ಪ ಹೊತ್ತಿಗೇ ಒಳಗಿನ ಗಾಳಿ ಹೊರಗಿನಷ್ಟೇ ತಂಪು.

ಈಗ ಗೋಳಾಡಿಸಿದ ವಿಷಯಕ್ಕೆ ಬರುತ್ತೇನೆ: ನೆಲ. ನಮ್ಮದು ಎರೆ ಮಣ್ಣು. ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಿರುಕು, ಮಳೆ ಬಿದ್ದರೆ ಉಬ್ಬುತ್ತದೆ. ಮಾರಾಟಗಾರರು ತಮ್ಮ ನಕ್ಷೆಯಂತೆ ನೆಲದ ಮೇಲೆ ಕಾಂಕ್ರೀಟ್ ಬ್ಲಾಕ್ ಇಟ್ಟು, ಅದರ ಮೇಲೆ ಕಬ್ಬಿಣದ ಚೌಕಟ್ಟು ಕೂರಿಸಿ ಹೋದರು. "ಹಗುರ ಕೋಣೆ, ಪಾಯ ಬೇಕಾಗಿಲ್ಲ" ಅನ್ನುವುದು ಅವರ ಮಾತು. ನಿಜವೆಂದರೆ ಹಗುರವಾಗಿದ್ದಷ್ಟೂ ಈ ಮಣ್ಣು ಸಲೀಸಾಗಿ ಎತ್ತುತ್ತದೆ, ಅದನ್ನು ಒತ್ತಿ ಹಿಡಿಯಲು ಮೇಲೆ ಭಾರವೇ ಇರುವುದಿಲ್ಲವಲ್ಲ.

ಮಳೆ ಹಿಡಿಯಿತು. ಮೊದಲು ಬಾಗಿಲ ಚಿಲಕ ಕೂರಲಿಲ್ಲ. ಆಮೇಲೆ ಬಾಗಿಲು ಕೆಳಗೆ ಉಜ್ಜತೊಡಗಿತು. ಮುನ್ಸಿಪಲ್ ನಳದ ಕಡೆಯ ಮೂಲೆ ಎದ್ದಿತ್ತು, ಎದುರು ಮೂಲೆ ಹಾಗೇ ಇತ್ತು. ಎರಡು ಹಲಗೆ ಕೂಡುವ ಕಡೆ ಉಗುರು ಹೋಗುವಷ್ಟು ಸಂದು ಬಿಟ್ಟು, ಆ ಗೋಡೆಗುಂಟ ನೀರು ಇಳಿದು ಕಡತದ ರ‍್ಯಾಕ್‌ನ ಕಾಲು ನೆನೆಯಿತು. ಫೋನ್ ಮಾಡಿದರೆ "ನೆಲ ನಿಮ್ಮ ಜವಾಬ್ದಾರಿ ಮೇಡಂ" ಎಂಬ ಉತ್ತರ. ಅವರೇ ಇಟ್ಟ ಬ್ಲಾಕು, ಅವರೇ ಕೊಟ್ಟ ನಕ್ಷೆ. ಈ ಸಿಟ್ಟು ನನಗೆ ಇನ್ನೂ ಇಳಿದಿಲ್ಲ.

ದಾರಿ ತೋರಿಸಿದ್ದು ನಮ್ಮ ಓಣಿಯ ಗವಂಡಿ. "ಎರಿ ಮಣ್ಣು ಸುಮ್ನ ಕುಂಡ್ರಂಗಿಲ್ರಿ ಅಕ್ಕಾರ. ಗರಸು ಹತ್ತೋ ತನಕ ತೆಗ್ಗು ತಗಸ್ರಿ" ಅಂದರು. ಜಾಕ್ ಹಚ್ಚಿ ಇಡೀ ಕೋಣೆಯನ್ನು ಎತ್ತಿ, ಎರೆ ಮಣ್ಣಿನ ಕೆಳಗೆ ಗಟ್ಟಿ ಗರಸು ಸಿಗುವವರೆಗೆ ಒಂದೊಂದು ಕಾಲಿಗೂ ಗುಂಡಿ ತೋಡಿಸಿದೆವು. ಅಲ್ಲಿಂದ ಕಾಂಕ್ರೀಟ್ ಕಂಬ ಎಬ್ಬಿಸಿ, ಮೇಲೆ ಬೋಲ್ಟ್ ತಿರುಗಿಸಿ ಎತ್ತರ ಸರಿಮಾಡುವ ಪ್ಲೇಟ್ ಕೂರಿಸಿದೆವು. ಚೌಕಟ್ಟಿಗೂ ನೆಲಕ್ಕೂ ನಡುವೆ ಜಾಗ ಬಿಟ್ಟೆವು, ಮಣ್ಣು ಉಬ್ಬಿದರೂ ಮೇಲೆ ತಾಗಬಾರದು. ಸುತ್ತ ಮೂರು ಅಡಿ ಪರಸಿ ಹಾಕಿ, ಚಾವಣಿ ನೀರನ್ನು ಪೈಪಿನಲ್ಲಿ ದೂರ ಬಿಟ್ಟೆವು. ಅದಾದ ಮೇಲೆ ಬಾಗಿಲು ಬೆರಳಲ್ಲಿ ತಳ್ಳಿದರೆ ಸಾಕು. ದೊಡ್ಡ ಕಟ್ಟಡವಾದರೆ ಎಂಜಿನಿಯರ್ ಹತ್ತಿರ ಅಂಡರ್-ರೀಮ್ಡ್ ಪೈಲ್, ಅಂದರೆ ನೆಲದೊಳಗೆ ತಳದ ಕಡೆ ಅಗಲವಾಗಿ ಉಬ್ಬಿರುವ ಕಾಂಕ್ರೀಟ್ ಕಂಬದ ಬಗ್ಗೆ ಕೇಳಿ. ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆ ಇಂಥ ಮಣ್ಣಿಗಾಗಿಯೇ ಬೆಳೆಸಿದ ಪದ್ಧತಿ ಅದು.

ಇಷ್ಟಾದರೂ ನನ್ನ ಓಟು ಬದಲಾಗಲಿಲ್ಲ. ಇಟ್ಟಿಗೆ ಕೋಣೆಯಾಗಿದ್ದರೆ ಕಿಟಕಿ ಮೂಲೆಯಿಂದ ಓರೆಯಾಗಿ ಬಿರುಕು ಬಿಡುತ್ತಿತ್ತು. ಅದನ್ನು ಜಾಕ್ ಹಚ್ಚಿ ಎತ್ತಲು ಬರುತ್ತದಾ?

ಎರಡೂ ಬದಿ ತಗಡಾದ್ದರಿಂದ ಮನೆಯ ವೈ-ಫೈ ಒಳಗೆ ಬರುವುದಿಲ್ಲ, ಬಾಗಿಲು ಹಾಕಿದರೆ ಮೊಬೈಲ್ ಸಿಗ್ನಲ್ಲೂ ಕುಂದುತ್ತದೆ. ರಿಟರ್ನ್ ತುಂಬುವಾಗ ಒಟಿಪಿ ಬರದಿದ್ದರೆ ಕೆಲಸವೇ ನಿಂತಂತೆ. ಮನೆಯಿಂದ ಪೈಪಿನೊಳಗೆ ಲ್ಯಾನ್ ಕೇಬಲ್ ಎಳೆದು ಒಳಗೊಂದು ರೂಟರ್ ಇಟ್ಟೆ, ಮೊಬೈಲಿನಲ್ಲಿ ವೈ-ಫೈ ಕಾಲಿಂಗ್ ಹಾಕಿಕೊಂಡೆ. ಸರಿಹೋಯಿತು.

ಮಳೆ ಸದ್ದು ಪತ್ರಾಸ್ ಶೆಡ್ಡಿಗಿಂತ ಎಷ್ಟೋ ಕಡಿಮೆ. ಗೋಡೆಗೆ ಭಾರದ ಶೆಲ್ಫ್ ತೂಗುಹಾಕಬೇಡಿ, ನೆಲದ ಮೇಲೆ ನಿಲ್ಲುವ ರ‍್ಯಾಕ್ ಇಡಿ. ಹಲಗೆಯ ಅಂಚು ತೆರೆದಿದ್ದರೆ ಇಲಿ ಕೊರೆಯುತ್ತದೆ, ಪಟ್ಟಿ ಹೊಡೆಸಿ ಮುಚ್ಚಿಸಿ. ಪಫ್‌ಗೆ ಬೆಂಕಿ ಹತ್ತಿದರೆ ಹೊಗೆ ವಿಷ. ಒಳಗೆ ಗ್ಯಾಸ್ ಒಲೆ ಬೇಡವೇ ಬೇಡ. ಅಡುಗೆಯೂ ಬೇಕು ಅನ್ನುವವರು ನೊರೆಯ ಬದಲು ಕಲ್ಲಿನ ನಾರು ತುಂಬಿದ ರಾಕ್‌ವೂಲ್ ಪ್ಯಾನೆಲ್ ಕೇಳಿ. ತೂಕ ಜಾಸ್ತಿ, ಆದರೆ ಅದು ಬೆಂಕಿ ಹಿಡಿಯುವುದಿಲ್ಲ. ಪರವಾನಗಿ ಬೇಡ ಅಂತ ಮಾರುವವರು ಹೇಳಿದರೂ ಪಾಲಿಕೆಯಲ್ಲಿ ಕೇಳಿಯೇ ಮುಂದುವರಿಯಿರಿ.

ದುಡ್ಡಿನ ಲೆಕ್ಕ: ನನಗೆ ಬಿದ್ದ ದರ ಚದರ ಅಡಿಗೆ 1,450 ರೂಪಾಯಿ. 140 ಚದರ ಅಡಿಗೆ 2,03,000. ಅದರ ಮೇಲೆ 18% ಜಿಎಸ್‌ಟಿ ಸೇರಿ 2,39,540. ಸಾಗಣೆ, ಪಾಯ, ವೈರಿಂಗ್ ಬೇರೆ. ನನ್ನದು ಜಿಎಸ್‌ಟಿ ನೋಡುವ ಕೆಲಸವಾದ್ದರಿಂದ ಮೊದಲೇ ಕೇಳಿದೆ. ಬಾಯಿಮಾತಿನ ದರದಲ್ಲಿ ತೆರಿಗೆ ಸೇರಿರುವುದಿಲ್ಲ.

ಊರ ಹೊರಗೆ ಹೊಲವಿದ್ದು ಸಾಮಾನಿಗೆ ಭದ್ರತೆ ಬೇಕಾದವರು ಕಂಟೇನರ್ ತರಲಿ, ತಮ್ಮನಿಗೆ ಅದೇ ಸರಿ. ಬೆಳಿಗ್ಗೆ ಕೂತು ಮಧ್ಯಾಹ್ನದೊಳಗೆ ಏಳುವವರಿಗೆ ಇಟ್ಟಿಗೆ ಕೋಣೆಯೂ ಸಾಕು. ಸಂಜೆ ಕೆಲಸದವರು, ಕಿರಿದಾದ ಗಲ್ಲಿಯವರು ಪಫ್ ತೆಗೆದುಕೊಳ್ಳಿ. ಮುಂಗಡ ಕೊಡುವ ಮುಂಚೆ ಪಾಯ ಯಾರದ್ದು, ಎಷ್ಟು ಆಳ, ಬಾಗಿಲು ವಾಲಿದರೆ ಯಾರು ಬರಬೇಕು ಎಂಬುದನ್ನು ಕೊಟೇಶನ್‌ನಲ್ಲೇ ಬರೆಸಿಕೊಂಡು ಸಹಿ ಹಾಕಿಸಿ.